ಅವ್ವನ ಹಲ್ಲು ಅಳ್ಳಾಡಾಕತ್ತಾವ, ಅಪ್ಪನವು ಕಲ್ಲಿನಂಗ ಅದಾವ. ಒಂದ ಮನಿಯಾಗ ಹಿಂಗ್ಯಾಕ?

ಬೆಟಗೇರಿ ಮಗ್ಗ · ಸೋಮವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಬರ್ಯಾಕತ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಾ ಇರೂದು ಹುಬ್ಬಳ್ಳಿ ಕೇಶ್ವಾಪುರದಾಗ. ಅವ್ವ-ಅಪ್ಪ ಬೆಟಗೇರಿಯೊಳಗ. ಅವ್ವಗ 58, ಎಂಟು ವರ್ಷದಿಂದ ಸಕ್ರಿ ಬ್ಯಾನಿ. ವರ್ಷೊಪ್ಪತ್ತಿನಿಂದ ಹಲ್ಲು ತಿಕ್ಕುಮುಂದ ರಕ್ತ ಬರ್ತಿತ್ತು, "ಬ್ರಶ್ ಬಿರುಸೈತಿ" ಅಂತ ತಾನ ಅಂದುಕೊಂಡು ಸುಮ್ನಿದ್ದಳು. ಈಗ ಕೆಳಗಿನ ಮುಂದಿನ ನಾಕು ಹಲ್ಲು ನಾಲಿಗಿಲೆ ನೂಕಿದ್ರ ಅಳ್ಳಾಡತಾವ. ಮಂದಿ ಜೋಡಿ ಮಾತಾಡುಮುಂದ ಸೆರಗು ಬಾಯಿಗೆ ಹಿಡ್ಕೋತಾಳ. ನಾ ಅದನ್ನ ಹಳೇ ರೂಢಿ ಅಂದುಕೊಂಡಿದ್ದೆ. ಮೊನ್ನೆ ನನ್ನ ಮಗಳು ಮುತ್ತು ಕೊಡಾಕ ಹೋದ್ರ ಮುಖಾ ಆಕಡೆ ತಿರುವಿದಳು. ವಾಸನಿ ಬರ್ತೈತಂತ ಆಕಿಗೇ ಗೊತ್ತೈತಿ.

ಗದಗಿನ್ಯಾಗ ಒಂದ ಕಡೆ ತೋರಿಸಿದ್ವಿ. ಎರಡ ನಿಮಿಷ ನೋಡಿ "ಇವು ಉಳಿಯೂವಲ್ಲ, ಎಲ್ಲಾ ತಗಸಿ ಸೆಟ್ ಹಾಕ್ಸರಿ" ಅಂದ್ರು. ಇನ್ನೊಂದ ಕಡೆ "ನಾಕು ಸಿಟ್ಟಿಂಗ್ ಡೀಪ್ ಕ್ಲೀನಿಂಗ್ ಮಾಡೂಣು, ಬೇಕಾದ್ರ ಆಮ್ಯಾಲ ಆಪರೇಷನ್" ಅಂದ್ರು. ಮನಿಯಾಗ ದೊಡ್ಡವ್ವ "ಕ್ಲೀನ್ ಮಾಡ್ಸಿದ್ರ ಇದ್ದ ಹಲ್ಲೂ ಸಡ್ಲ ಆಗ್ತಾವು, ಮ್ಯಾಲಿನ ಹಲ್ಲು ಕಿತ್ತಿಸಿದ್ರ ಕಣ್ಣು ಹೋಗ್ತಾವು" ಅಂತ ಎರಡೂ ಬಾಗಲಾ ಮುಚ್ಚ್ಯಾಳ.

ಆದ್ರ ನನ್ನ ತಲಿ ತಿನ್ನಾಕತ್ತಿದ್ದು ಬ್ಯಾರೇನ ಐತಿ. ಅವ್ವ ದಿನಾ ಎರಡ ಸಲ ಪೇಸ್ಟಿನ್ಲೆ ತಿಕ್ಕತಾಳ. ಅಪ್ಪಗ 63, ಹುಟ್ಟಿ ಬ್ರಶ್ ಹಿಡದಂವಲ್ಲ. ಮುಂಜಾನೆ ಎದ್ದು ಇದ್ದಲಿ ಪುಡಿ, ಉಪ್ಪು, ತೋರಬೆರಳು. ದಿನಕ್ಕ ಒಂದ ಕಟ್ಟು ಬೀಡಿ. ಒಂದ ಹನಿ ರಕ್ತ ಬಂದಿದ್ದು ನಾ ನೋಡಿಲ್ಲ. ಇವತ್ತಿಗೂ ಕಬ್ಬು ಹಲ್ಲಿಲೆ ಸಿಗದು ತಿಂತಾನ. ಅವ್ವ ಕೇಳತಾಳ, "ನಾ ಏನ್ ಪಾಪಾ ಮಾಡಿದ್ದೆ?" ಹಲ್ಲು ತಿಕ್ಕೂದಕ್ಕೂ ಈ ರೋಗಕ್ಕೂ ಸಂಬಂಧ ಐತೋ ಇಲ್ಲೋ?

ಉಣಕಲ್ ವಾಕರ್ · ರಾತ್ರಿ 9:58

ಪೇಸ್ಟ್ ಬಿಡಸ್ರಿ ಮೊದಲ. ನಮ್ಮಜ್ಜ ಬೇವಿನ ಕಡ್ಡಿ, ಜಾಲಿ ಕಡ್ಡಿ ಬಿಟ್ರ ಬ್ಯಾರೆ ಮುಟ್ಟಲಿಲ್ಲ, 85ಕ್ಕೂ ಕಡಕ್ ರೊಟ್ಟಿ ಕಡೀತಿದ್ದ. ನಿಮ್ಮ ಅಪ್ಪನ ಸಾಕ್ಷಿ ಅದಾನಲ್ರಿ.

ಲೈನ್ ಬಜಾರ್ · ರಾತ್ರಿ 10:15

ದೊಡ್ಡವ್ವ ಹೇಳಿದ್ದು ಸುಳ್ಳಲ್ಲ. ನಮ್ಮ ಅತ್ತಿಯವರಿಗೆ ಧಾರವಾಡದಾಗ ಒಂದ ಕಡೆ ಕ್ಲೀನಿಂಗ್ ಮಾಡ್ಸಿದ್ವಿ. ಮಾಡ್ಸೂಕಿಂತ ಮೊದಲ ಹಲ್ಲು ಗಚ್ಚಿ ಇದ್ವು. ಮಾಡ್ಸಿ ಬಂದ ವಾರದಾಗ ಸಂದಿ ಸಂದಿ ಕಾಣಾಕ ಹತ್ತಿದ್ವು, ತಣ್ಣೀರು ಕುಡದ್ರ ಜುಮ್ ಅನ್ನಾಕ ಹತ್ತಿದ್ವು, ಎರಡು ಅಳ್ಳಾಡಿ ಬಿದ್ದ ಹೋದ್ವು. ಕಣ್ಣಾರೆ ನೋಡಿದ್ದು. ಡಾಕ್ಟರ್ ಮಂದಿ ಏನರೆ ಹೇಳ್ಲಿ.

ಸವಣೂರ ಎಲಿ · ರಾತ್ರಿ 10:21

ಎಲಿ ಅಡಿಕಿ ಮ್ಯಾಲ ಯಾರೂ ಅಪವಾದ ಹಾಕಿಲ್ಲ ಇನ್ನೂ. ಕಾಯ್ಕೊಂಡ ಕುಂತೀನಿ.

ಪೆರಿಯೋ ಮಾಮಾ · ರಾತ್ರಿ 11:32

ಎಲಿ ಪಾಪದ್ದು. ಅದರೊಳಗಿನ ಅಡಿಕಿ, ತಂಬಾಕದ ಮಾತು ಬ್ಯಾರೆ, ಅದಕ್ಕೊಂದ ಬ್ಯಾರೆ ರಾತ್ರಿ ಬೇಕು.

ಮಗ್ಗದವರ, ನಾನು ಒಸಡಿನ ಡಾಕ್ಟರು. ಪರೀಕ್ಷಿ ಮಾಡದ ಇಲ್ಲಿಂದ ಔಷಧ ಹೇಳೂದಿಲ್ಲ, ಆದ್ರ ರೋಗ ಹೆಂಗ ನಡೀತೈತಿ ಅನ್ನೂದನ್ನ ಹೇಳ್ತೀನಿ.

ಇದು ಎರಡು ಹಂತದ್ದು. ಮೊದಲನೇದರಾಗ ಒಸಡು ಮಾತ್ರ ಕೆಂಪಾಗಿ ಬಾತಿರತೈತಿ, ಮುಟ್ಟಿದ್ರ ರಕ್ತ. ನೋವು ಇರೂದಿಲ್ಲ, ಅದ ಮೋಸ. ಈ ಹಂತದಾಗ ಸರಿಯಾಗಿ ಸ್ವಚ್ಛ ಮಾಡಿದ್ರ ಮೊದಲಿನಂಗ ಆಗತೈತಿ. ಎರಡನೇದು ಹಲ್ಲು ಹಿಡಕೊಂಡ ಎಲುಬು ಕರಗೂದು. ಹಿಂದಿನವರು ಪಾಯೋರಿಯಾ ಅಂತಿದ್ದದ್ದು ಇದನ್ನ. ಕರಗಿದ ಎಲುಬು ಬಹುಮಟ್ಟಿಗೆ ತಿರಗಿ ಬರೂದಿಲ್ಲ. ನಮ್ಮ ಕೆಲಸ ಅದನ್ನ ಅಲ್ಲೇ ನಿಲ್ಲಸೂದು.

ಹಲ್ಲಿಗೂ ಒಸಡಿಗೂ ನಡುವ ಒಂದು ಸಣ್ಣ ಸಂದಿ ಎಲ್ಲಾರಿಗೂ ಇರತೈತಿ. ಅಳತಿಕಡ್ಡಿ ಇಳಿಸಿದ್ರ 1ರಿಂದ 3 ಮಿ.ಮೀ. ರೋಗ ಬಂದಾಗ ಅದು 5, 6, 8 ಆಗತೈತಿ. ಅದಕ್ಕ ಪಾಕೆಟ್ ಅಂತೀವಿ. ನಿಮ್ಮ ಬ್ರಶ್ಶಿನ ಕೂದಲು ಒಸಡಿನ ಕೆಳಗ ಒಂದು ಮಿ.ಮೀ. ಇಳಿದ್ರ ಹೆಚ್ಚು. ಅವ್ವಾರು ಎರಡ ಸಲ ಅಲ್ಲ, ಹತ್ತು ಸಲ ತಿಕ್ಕಿದ್ರೂ 6 ಮಿ.ಮೀ. ತಳದಾಗಿನ ಪಾಚಿಗೆ, ಅಂದ್ರ ಹಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾದ ಪದರಕ್ಕ, ಅದು ಗೊತ್ತ ಆಗೂದಿಲ್ಲ. ಮ್ಯಾಲಿಂದ ಜೊಲ್ಲಿನ್ಯಾಗಿನ ಸುಣ್ಣದ ಅಂಶ ಒಸಡಿನ ಮ್ಯಾಲಿನ ಪಾಚಿಯೊಳಗ ಕುಂತು ಗಟ್ಟಿ ಕಿಟ್ಟ ಆಗತೈತಿ. ಕೆಳಗಿನ ಮುಂದಿನ ಹಲ್ಲಿನ ಒಳಮಗ್ಗಲು ಇದು ಜಾಸ್ತಿ, ಯಾಕಂದ್ರ ಜೊಲ್ಲಿನ ನಳಗಿ ಬಾಯಿ ತೆರೆಯೂದು ಅಲ್ಲೇ. ಅವ್ವಾರ ಅವ ನಾಕು ಹಲ್ಲು ಅಳ್ಳಾಡೂದು ಅದಕ್ಕ ಹೊಂದತೈತಿ.

ಲೈನ್ ಬಜಾರ್ ಅವರಿಗೆ. ನೀವು ನೋಡಿದ್ದು ಖರೇ, ಅರ್ಥ ಮಾಡಿಕೊಂಡಿದ್ದು ತಪ್ಪು. ಹಳೇ ಮನಿ ತೊಲಿಗೆ ವರಲಿ ಹತ್ತಿರತೈತಲ್ಲ, ಮ್ಯಾಲ ಮಣ್ಣು ಮೆತ್ತಿಕೊಂಡು ತೊಲಿ ದಪ್ಪ ಕಾಣತಿರತೈತಿ. ಆ ಮಣ್ಣು ಕೆರದ್ರ ಒಳಗ ಟೊಳ್ಳು. ಕೆರದಂವ ಟೊಳ್ಳು ಮಾಡಲಿಲ್ಲ, ತೋರಿಸಿದ. ಅತ್ತಿಯವರ ಹಲ್ಲನ್ನ ಹಿಡದಿದ್ದು ಕಿಟ್ಟ, ಎಲುಬಲ್ಲ. ಬಾವು ಇಳದ ಮ್ಯಾಲ ಒಸಡು ಕೆಳಗಿಳದು ಸಂದಿ ಕಂಡ್ವು. ಜುಮ್ ಅನ್ನೂದು ಬೇರು ಹೊರಗ ಬಿದ್ದದ್ದಕ್ಕ, ಸಾಮಾನ್ಯವಾಗಿ ಕೆಲವು ವಾರದಾಗ ಕಡಿಮಿ ಆಗತೈತಿ. ಇದನ್ನ ಮೊದಲ ಕುಂದರಿಸಿ ಹೇಳದ ಇದ್ದದ್ದು ಅಲ್ಲಿಯವರ ತಪ್ಪು, ಅದನ್ನ ಒಪ್ಪತೀನಿ. ನಮ್ಮ ವೃತ್ತಿಯೊಳಗ ಇದೊಂದ ದೊಡ್ಡ ಕೊರತಿ.

ಮ್ಯಾಲಿನ ಹಲ್ಲಿಗೂ ಕಣ್ಣಿನ ನರಕ್ಕೂ ಸಂಬಂಧ ಇಲ್ಲ. ವಯಸ್ಸಾದಾಗ ಎರಡೂ ಕೆಡತಾವ, ಜೋಡಿ ಹಾಕಿ ಬಿಡತೀವಿ.

ಮತ್ತ ಅಪ್ಪಾರನ್ನೂ ಒಂದ ಸಲ ಕುರ್ಚಿ ಮ್ಯಾಲ ಕುಂದರಿಸ್ರಿ. ಬೀಡಿ ಸೇದೂವರಿಗೆ ರಕ್ತ ಬರೂದಿಲ್ಲ ಅಂದ್ರ ಅದು ಸಮಾಧಾನದ ಮಾತಲ್ಲ.

ಲೈನ್ ಬಜಾರ್ · ಮಂಗಳವಾರ, ಮುಂಜಾನೆ 7:05

ವರಲಿ ಉದಾಹರಣಿ ತಿಳೀತ್ರಿ. ಆದ್ರ ಮಗ್ಗದವರ ಪ್ರಶ್ನಿ ಅಲ್ಲೇ ಉಳೀತು. ತಿಕ್ಕಿದಾಕಿಗೆ ರೋಗ, ತಿಕ್ಕದಂವ ಆರಾಮ. ಹಂಗಾದ್ರ ಪಾಚಿ ಕಾರಣ ಹೆಂಗ ಆದೀತು?

ಪೆಟ್ರಿ ಡಿಶ್ ಅಕ್ಕ · ಮುಂಜಾನೆ 10:50

ಈ ಪ್ರಶ್ನಿಗೆ ನನ್ನ ಓದಿನ ಎಂಟು ವರ್ಷ ಹೋಗ್ಯಾವ, ಹಂಗಾಗಿ ನಡುವ ಬಾಯಿ ಹಾಕತೀನಿ. ಸೂಕ್ಷ್ಮಜೀವಿಶಾಸ್ತ್ರ ನಂದು, ಡಾಕ್ಟರ್ ಅಲ್ಲ.

ಪಾಚಿ ಕಾರಣ ಹೌದೋ ಅಲ್ಲೋ ಅನ್ನೂದನ್ನ 1965ರಾಗ ಡೆನ್ಮಾರ್ಕಿನ ಆರ್ಹುಸ್ ಊರಾಗ ಹ್ಯಾರಲ್ಡ್ ಲೋ ಅನ್ನಾಂವ ಭಾಳ ಸರಳ ರೀತಿಯಿಂದ ನೋಡಿದ. ಒಸಡು ಚೊಲೊ ಇದ್ದ ಹನ್ನೆಲ್ಡು ಮಂದಿಗೆ, ಬಹಳಷ್ಟು ದಂತವೈದ್ಯ ಓದೂ ಹುಡುಗರು, ಹಲ್ಲು ತಿಕ್ಕೂದ ಬಿಡ್ರಿ ಅಂದ. ಹತ್ತರಿಂದ ಇಪ್ಪತ್ತೊಂದು ದಿನದೊಳಗ ಹನ್ನೆಲ್ಡೂ ಮಂದಿಗೆ ಒಸಡು ಬಾತು ಕೆಂಪಾತು. ತಿರಗಿ ತಿಕ್ಕಾಕ ಹಚ್ಚಿದ ಮ್ಯಾಲ ಸುಮಾರು ಒಂದು ವಾರದಾಗ ಎಲ್ಲಾ ಮೊದಲಿನಂಗ. ಅಲ್ಲಿಗೆ ಮೊದಲ ಹಂತದ ಜಗಳ ಮುಗೀತು. ಪಾಚಿ ಇಲ್ಲದ ಬಾವಿಲ್ಲ.

ಎರಡನೇ ಹಂತ ಅಂದ್ರ ಎಲುಬು ಕರಗೂದು ಅಷ್ಟು ಸರಳ ಇಲ್ಲ. ಅದ ಲೋ ಮತ್ತ ಅಂವನ ಜೊತಿಗಾರರು ಶ್ರೀಲಂಕಾದ ಚಹಾ ತೋಟದಾಗ ಕೆಲಸ ಮಾಡೂ 480 ಗಂಡಸರನ್ನ 1970ರಿಂದ 1985ರ ತನಕ ಬೆನ್ನ ಹತ್ತಿ ನೋಡಿದ್ರು. ಅವರಿಗೆ ಬ್ರಶ್ ಗೊತ್ತಿಲ್ಲ, ದಂತವೈದ್ಯ ಗೊತ್ತಿಲ್ಲ. ಎಲ್ಲಾರ ಬಾಯಾಗೂ ಪಾಚಿ, ಕಿಟ್ಟ, ಬಾತ ಒಸಡು. ಎಲ್ಲಾರ ಹಲ್ಲೂ ಬಿದ್ದಿರಬೇಕಲ್ಲ? ನೂರಕ್ಕ 8 ಮಂದಿಗೆ ರೋಗ ಓಡಿಕೊಂಡ ಬಂತು, 81 ಮಂದಿಗೆ ನಡಕೊಂಡ ಬಂತು, 11 ಮಂದಿಗೆ ಒಸಡಿನ ಬಾವು ಬಿಟ್ಟು ಮುಂದಕ್ಕ ಹೋಗಲೇ ಇಲ್ಲ. ಒಂದ ತೋಟ, ಒಂದ ಊಟ, ಒಂದ ಹೊಲಸು.

ನನಗ ಈ 11 ಮಂದಿ ಭಾಳ ವರ್ಷ ನಿದ್ದಿ ಕೆಡಿಸ್ಯಾರ. ಮಗ್ಗದವರ ಅಪ್ಪಾರು ಆ 11ರಾಗ ಇರಬಹುದು, ಇರದನೂ ಇರಬಹುದು. ಬೀಡಿ ಮಾತು ಮಾಮಾ ಹೇಳ್ಯಾರ.

ಇನ್ನೊಂದ ಮಜಾ ಹೇಳತೀನಿ. 1683ರಾಗ ಡೆಲ್ಫ್ಟ್ ಊರಿನ ಲೇವನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಹಿಟ್ಟಿನಂಥಾದ್ದನ್ನ ತಗದು ತಾನ ತಿಕ್ಕಿ ಮಾಡಿದ ಮಸೂರದಾಗ ನೋಡಿ, ಪಟಪಟ ಓಡಾಡೂ ಜೀವಿ ಅದಾವ ಅಂತ ಲಂಡನ್ನಿಗೆ ಪತ್ರಾ ಬರದ. ತಾನು ದಿನಾ ಮುಂಜಾನೆ ಉಪ್ಪಿನ್ಲೆ ಹಲ್ಲು ತಿಕ್ಕತೀನಿ ಅಂತನೂ ಅದರಾಗ ಬರದಾನ. ಉಪ್ಪು ತಿಕ್ಕಿದ್ರೂ ಸಂದ್ಯಾಗ ಜೀವಿ ಇದ್ದ ಇದ್ವು. ಜೀವಮಾನದಾಗ ಹಲ್ಲು ತೊಳೀದ ಒಬ್ಬ ಮುದುಕನ ಬಾಯಾಗಿಂದು ತಗದು ನೋಡಿದ್ರ ಜಾತ್ರಿನ ಇತ್ತಂತ.

ಸವಣೂರ ಎಲಿ · ಮುಂಜಾನೆ 11:02

ಹನ್ನೆಲ್ಡು ಮಂದಿ ಮೂರು ವಾರ ಹಲ್ಲು ತಿಕ್ಕದ ಇದ್ರ ವಿಜ್ಞಾನ. ನಾ ಎರಡ ದಿನಾ ಬಿಟ್ರ ಹೆಂಡ್ತಿ ಹಾಸಗಿ ಹೊರಗ ಒಗೀತಾಳ.

ಉಣಕಲ್ ವಾಕರ್ · ಮುಂಜಾನೆ 11:40

ಅಕ್ಕಾರ, ಹಂಗಾದ್ರ ಇದು ಒಂದ ಕೀಟಾಣು ರೋಗ ಅಲ್ಲ? ಟಿಬಿಗೆ ಟಿಬಿ ಹುಳ ಇದ್ದಂಗ ಇದಕ್ಕೊಂದ ಹುಳ ಇರಬೇಕಲ್ಲ, ಅದನ್ನ ಕೊಂದ್ರ ಮುಗೀತು.

ಪೆಟ್ರಿ ಡಿಶ್ ಅಕ್ಕ · ಮಧ್ಯಾಹ್ನ 1:15

ಅಣ್ಣಾರ, ಎಲ್ಲಾರೂ ಅದನ್ನ ಹುಡುಕಿದ್ರು. 1998ರಾಗ ಸೊಕ್ರಾನ್ಸ್ಕಿ ಅನ್ನಾಂವ ಮತ್ತ ಅಂವನ ತಂಡ ಸಾವಿರಾರು ಪಾಚಿ ಮಾದರಿ ಅಳದು, ಆಳದ ಪಾಕೆಟ್ಟಿನ್ಯಾಗ ಮೂರು ಬ್ಯಾಕ್ಟೀರಿಯಾ ಬಹಳಷ್ಟು ಸಲ ಜೋಡೀಲೆ ಇರತಾವ ಅಂತ ತೋರಿಸಿದ. ಅವಕ್ಕ "ಕೆಂಪು ಗುಂಪು" ಅಂತ ಹೆಸರು. ಅದರಾಗಿನ ಮುಖ್ಯ ಆಸಾಮಿ ಪೋರ್ಫೈರೊಮೋನಾಸ್ ಜಿಂಜಿವಾಲಿಸ್. ಸಿಕ್ಕಬಿದ್ದ ಅಂತ ಎಲ್ಲಾರೂ ಖುಷಿ ಆದ್ರು.

2011ರಾಗ ಹಾಜಿಶೆಂಗಾಲಿಸ್ ಅನ್ನೂ ವಿಜ್ಞಾನಿ ತಂಡ ಇಲಿ ಮ್ಯಾಲ ನೋಡಿದಾಗ ಕತಿ ತಿರುವು ತಗೊಂತು. ಸಾದಾ ಇಲಿ ಬಾಯಾಗ ಈ ಆಸಾಮಿಯನ್ನ ಬಿಟ್ರ, ಅದು ಎಣಿಕಿಯೊಳಗ ತೀರಾ ಸ್ವಲ್ಪ ಇದ್ರೂ ಎಲುಬು ಕರಗಿತು. ಯಾವ ಬ್ಯಾಕ್ಟೀರಿಯಾನೂ ಇಲ್ಲದ ಬೆಳಸಿದ ಇಲಿ ಬಾಯಾಗ ಇದೊಂದನ್ನ ಬಿಟ್ರ ಏನೂ ಆಗಲಿಲ್ಲ! ಅಂದ್ರ ತಾನು ಕೈ ಹಚ್ಚೂದಿಲ್ಲ. ಓಣ್ಯಾಗ ಒಬ್ಬ ಇರತಾನಲ್ಲ, ತಾ ಜಗಳಾ ಆಡೂದಿಲ್ಲ, ಸುಮ್ನಿದ್ದವರ ನಡುವ ಚಾಡಿ ಹಚ್ಚಿ ಕಟ್ಟಿ ಮ್ಯಾಲ ಕುಂತ ನೋಡತಾನ. ಅಂಥಾದ್ದು. ಮೈಯಾಗಿನ ರಕ್ಷಣಾ ವ್ಯವಸ್ಥಾದ ಕಣ್ಣಿಗೆ ಮಣ್ಣೆರಚಿ, ಬಾಯಾಗ ಮೊದಲಿಂದ ಇದ್ದ ಸಾದಾ ಬ್ಯಾಕ್ಟೀರಿಯಾನ ಹೆಚ್ಚಾಗಂಗ ಮಾಡತೈತಿ. ಆವಾಗ ಮೈ ಸಿಟ್ಟಿಗೆದ್ದು ಬಿಳಿ ರಕ್ತಕಣಾ ಕಳಸತೈತಿ. ಆ ಗದ್ದಲದಾಗ ಎಲುಬು ತಿನ್ನೂ ಜೀವಕೋಶಗಳು ಎಚ್ಚರಾಗತಾವ. ಎಲುಬು ಕರಗಸೂದು ಬ್ಯಾಕ್ಟೀರಿಯಾ ಅಲ್ರಿ, ನಮ್ಮ ಮೈ.

ಅದಕ್ಕ ಒಬ್ಬರದು ಒಬ್ಬರಂಗ ಇರೂದಿಲ್ಲ. ಯಾರ ಮೈ ಎಷ್ಟು ಸಿಟ್ಟಿಂದು, ಸಕ್ಕರಿ ಐತೋ, ಬೀಡಿ ಐತೋ, ತಂದಿ-ತಾಯಿಂದ ಏನ್ ಬಂದೈತಿ ಎಲ್ಲಾ ಕೂಡತಾವ. ಅವ್ವಾರಿಗೆ ಹೇಳ್ರಿ, ಪಾಪ-ಗೀಪ ಏನೂ ಇಲ್ಲ.

ಬ್ಯಾಡಗಿ ಡಬ್ಬಿ · ಮಧ್ಯಾಹ್ನ 3:30

ನಮ್ಮ ಕಾಕಾಗ ಒಸಡು ಬೆಳದು ಅರ್ಧಾ ಹಲ್ಲು ಮುಚ್ಚಿದ್ವು. ಮೆಣಸಿನಕಾಯಿ ಧೂಳಿಗೆ ಅಂದ್ವಿ, ಯಾಕಂದ್ರ ಮಾರ್ಕೆಟ್ಟಿನ್ಯಾಗ ಹಮಾಲಿ ಕೆಲಸ. ಆಮ್ಯಾಲ ಹಾವೇರ್ಯಾಗ ಒಬ್ರು ಡಾಕ್ಟರ್ ಕೇಳಿದ್ದು ಬಾಯಿ ಬಗ್ಗೆ ಅಲ್ಲ, "ಯಾವ ಗುಳಿಗಿ ತಗೋತೀರಿ?" ಬಿಪಿಗೆ ಅಮ್ಲೋಡಿಪಿನ್ ಇತ್ತು. ಅದನ್ನ ಬದಲಿ ಮಾಡಿ, ಕ್ಲೀನ್ ಮಾಡಿದ ಮ್ಯಾಲ ಇಳದ್ವು.

ಪೆರಿಯೋ ಮಾಮಾ · ಸಂಜಿ 6:10

ಭಾಳ ಚೊಲೊ ಮಾತು ತಗದ್ರಿ. ಬಿಪಿಯ ಅಮ್ಲೋಡಿಪಿನ್, ನಿಫೆಡಿಪಿನ್, ಮೂರ್ಛೆ ರೋಗದ ಫೆನಿಟಾಯಿನ್, ಕಿಡ್ನಿ ಕಸಿ ಆದವರ ಸೈಕ್ಲೊಸ್ಪೋರಿನ್, ಇವು ಕೆಲವರಿಗೆ ಒಸಡು ಬೆಳಸತಾವ. ಇದನ್ನ ಓದಿ ಯಾರೂ ತಾವ ಗುಳಿಗಿ ಬಿಡಬ್ಯಾಡ್ರಿ. ಬರಕೊಟ್ಟ ಡಾಕ್ಟರೇ ಅದನ್ನ ಬದಲಿ ಮಾಡಬೇಕು.

ಮುಂಡರಗಿ ಬಾಂವಿ · ಸಂಜಿ 6:45

ನಮ್ಮೂರಾಗ ಹುಡುಗರ ಹಲ್ಲ ಮ್ಯಾಲೂ ಕಂದು ಪಟ್ಟಿ. ಅದೂ ಇದ ರೋಗಾನೇನ್ರಿ?

ಪೆರಿಯೋ ಮಾಮಾ · ಸಂಜಿ 6:52

ಅಲ್ರಿ. ಅದು ಬೋರಿನ ನೀರಿನ ಫ್ಲೋರೈಡು. ಹಲ್ಲು ಒಳಗ ತಯಾರಾಗೂ ವಯಸ್ಸಿನ್ಯಾಗ ಹೊರಪದರ ಕೆಟ್ಟಿರತೈತಿ, ಒಸಡಿಗೆ ಸಂಬಂಧ ಇಲ್ಲ, ತಿಕ್ಕಿದ್ರ ಹೋಗೂದಿಲ್ಲ. ಕುಡಿಯೂ ನೀರಾಗ ಲೀಟರಿಗೆ 1 ಮಿ.ಗ್ರಾಂ. ಒಳಗ ಇರಬೇಕು, ಬ್ಯಾರೆ ನೀರಿನ ಮೂಲ ಇಲ್ಲದ್ರ 1.5ರ ತನಕ ನಡೀತೈತಿ ಅಂತ ನಮ್ಮ ದೇಶದ ಮಾನದಂಡ. ನೀರು ಪರೀಕ್ಷಿ ಮಾಡಸ್ರಿ.

ಮಾಡರೇಟರ್ · ರಾತ್ರಿ 8:00

"ಏಳ ದಿನದಾಗ ಹಲ್ಲು ಗಟ್ಟಿ" ಪುಡಿ ಮಾರಾಟದ ಎರಡು ಪೋಸ್ಟ್ ತಗದೀನಿ. ಮೂರನೇದು ಬಂದ್ರ ಖಾತೆ ಬಂದ್.

ಬೆಟಗೇರಿ ಮಗ್ಗ · ಬುಧವಾರ, ರಾತ್ರಿ 10:05

ಅಕ್ಕಾರ ಬರದದ್ದನ್ನ ಅವ್ವಗ ಫೋನಿನ್ಯಾಗ ಓದಿ ಹೇಳಿದೆ. ಚಾಡಿ ಹಚ್ಚೂ ಮಾತು ಕೇಳಿ ನಕ್ಕು, ನಮ್ಮ ಓಣ್ಯಾಗಿನ ಒಬ್ಬರ ಹೆಸರು ಹೇಳಿದಳು. ಇಲ್ಲಿ ಬರ್ಯಾಂಗಿಲ್ಲ.

ಸಕ್ಕರಿ ಮಾತು ಸ್ವಲ್ಪ ಬಿಡಿಸಿ ಹೇಳ್ರಿ. ಸಕ್ರಿ ಬ್ಯಾನಿಯಿಂದ ಒಸಡು ಕೆಟ್ಟಾವೋ, ಒಸಡಿಂದ ಸಕ್ರಿ ಏರಾಕತ್ತೈತೋ? ಆಕಿದು ಮೂರ ತಿಂಗಳ ಸಕ್ಕರಿ ಸರಾಸರಿ (HbA1c) 8.9 ಐತಿ.

ಪೆರಿಯೋ ಮಾಮಾ · ರಾತ್ರಿ 11:20

ಎರಡೂ. ಸಕ್ಕರಿ ಹಿಡಿತದಾಗ ಇಲ್ಲದವರಿಗೆ ಒಸಡಿನ ಬಾವು ಜೋರು, ಗಾಯ ಮಾಯೂದು ತಡಾ. 1993ರಾಗ ಅದ ಲೋ, ಒಸಡಿನ ರೋಗ ಸಕ್ಕರಿ ಬ್ಯಾನಿಯ ಆರನೇ ತೊಡಕು ಅಂತ ಬರದ. ಕಣ್ಣು, ಕಿಡ್ನಿ, ನರ, ಇವುಗಳ ಪಂಕ್ತಿಗೆ ಬಾಯಿನೂ ಕುಂತಿತು. ತಿರಗಾ ಮುರಗಾನೂ ಐತಿ. ಬಾಯಾಗ ಹಗಲಿ ರಾತ್ರಿ ಬಾವು ಇದ್ರ, ಅದರಿಂದ ರಕ್ತಕ್ಕ ಸೇರೂ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕ ಅಡ್ಡ ಬರತಾವ.

ಒಸಡಿಗೆ ಚಿಕಿತ್ಸೆ ಕೊಟ್ರ ಸಕ್ಕರಿ ಇಳೀತೈತೋ? ಇಲ್ಲಿ ಸಂಶೋಧನೆಗಳದ್ದ ಒಂದು ಜಗಳ ಐತಿ. 2013ರಾಗ ಅಮೆರಿಕದಾಗ 514 ಮಂದಿ ಮ್ಯಾಲ ನೋಡಿದ್ರ ಆರು ತಿಂಗಳಿಗೆ ಏನೂ ಫರಕು ಕಾಣಲಿಲ್ಲ. ಎದುರಾಳಿಗಳು ಏನ್ ಅಂದ್ರು ಗೊತ್ತೇನು? "ನಿಮ್ಮ ಚಿಕಿತ್ಸೆನ ಅರೆಬರೆ, ಚಿಕಿತ್ಸೆ ಆದ ಮ್ಯಾಲೂ ಅವರ ಬಾಯಾಗ ಅಷ್ಟು ಪಾಚಿ, ಅಷ್ಟು ರಕ್ತ ಉಳದೈತಿ, ಸಕ್ಕರಿ ಹೆಂಗ ಇಳದೀತು?" 2018ರಾಗ ಲಂಡನ್ನಿನ್ಯಾಗ 264 ಮಂದಿ ಮ್ಯಾಲ, ವರ್ಷಪೂರ್ತಿ ಬೆನ್ನು ಹತ್ತಿ ಚಿಕಿತ್ಸೆ ಕೊಟ್ಟು ನೋಡಿದಾಗ ಆ ಸರಾಸರಿ 0.6ರಷ್ಟು ಕಡಿಮಿ ಆತು. 2022ರಾಗ 35 ಅಧ್ಯಯನ ಕೂಡಿಸಿ ನೋಡಿದ ಕೊಕ್ರೇನ್ ವಿಮರ್ಶೆಯೊಳಗ ಮೂರು-ನಾಕು ತಿಂಗಳಿಗೆ 0.43. ಅಂದ್ರ 8.9 ಇದ್ದದ್ದು ಅಂದಾಜು 8.5. ದೊಡ್ಡದೇನಲ್ಲ, ಆದ್ರ ಇನ್ನೊಂದ ಗುಳಿಗಿ ಸೇರಿಸಿದ್ರ ಸಿಗೂ ಲಾಭದ ಹತ್ತಿರ ಹತ್ತಿರ. ಹೆಚ್ಚಿಗಿ ಆಸೆ ತೋರಿಸೂದಿಲ್ಲ ನಾ.

ಎಲ್ಲಾ ಹಲ್ಲು ತಗಿಯೂ ಮಾತಿಗೆ: ನೂರು ವರ್ಷದ ಹಿಂದ ಇಂಗ್ಲೆಂಡು-ಅಮೆರಿಕದಾಗ ಅದೊಂದ ಫ್ಯಾಷನ್ ಆಗಿತ್ತು. ಮೈಯಾಗಿನ ಎಲ್ಲಾ ಬ್ಯಾನಿಗೂ ಹಲ್ಲ ಮೂಲ ಅಂತ ಹೇಳಿ ಚೊಲೊ ಹಲ್ಲನ್ನೂ ಕಿತ್ತ ಒಗದ್ರು. ಆಮ್ಯಾಲ ಆ ವಾದ ಬಿದ್ದಹೋತು. ಅಳತಿ ಮಾಡದ, ಎಕ್ಸ್‌ರೇ ನೋಡದ 28 ಹಲ್ಲಿಗೂ ಒಂದ ತೀರ್ಪು ಕೊಡಬಾರದು. ಸತ್ತೂರಿನ ದಂತ ಕಾಲೇಜಿನ ಒಸಡಿನ ವಿಭಾಗಕ್ಕ ಕರಕೊಂಡ ಹೋಗ್ರಿ. ಟೈಮ್ ಹಿಡೀತೈತಿ, ಆದ್ರ ಹಲ್ಲು ಹಲ್ಲು ಅಳೀತಾರ.

ಬೆಟಗೇರಿ ಮಗ್ಗ · ಮುಂದಿನ ಮಂಗಳವಾರ, ರಾತ್ರಿ 9:15

ಹೋಗಿ ಬಂದ್ವಿ. ಚಿಗರಿ ಬಸ್ಸಿನ್ಯಾಗ ಸತ್ತೂರಿಗೆ ಇಳದು, ಚೀಟಿ ಮಾಡಿಸಿ, ಪಾಳೆ ಹಚ್ಚಿ ಕುಂತ್ವಿ.

ಒಬ್ಬಾಕಿ ಪಿ.ಜಿ. ಹುಡುಗಿ ಸಣ್ಣ ಗೆರಿ ಇದ್ದ ಕಡ್ಡಿ ತಗೊಂಡು ಒಂದೊಂದು ಹಲ್ಲಿಗೆ ಆರು ಕಡೆ ಇಳಿಸಿ ನಂಬರ ಕೂಗತಿದ್ದಳು, ಇನ್ನೊಬ್ಬ ಹುಡುಗ ಬರಕೋತಿದ್ದ. "ಮೂರು, ಎರಡು, ಮೂರು. ನಾಕು, ಆರು, ಐದು. ರಕ್ತ." ಅವ್ವ ಬಾಯಿ ತೆರಕೊಂಡ ಕಣ್ಣು ನನ್ನ ಕಡೆ ತಿರುವಿ ನೋಡತಾಳ. ಹೊರಗ ಬಂದ ಮ್ಯಾಲ "ಕಿರಾಣಿ ಅಂಗಡ್ಯಾಗ ಲೆಕ್ಕ ಹೇಳಿದಂಗ ಹೇಳಿದಳಲ್ಲೋ, ಒಟ್ಟು ಎಷ್ಟಾತು?" ಅಂದಳು. ಎಲ್ಲಾಕಿಂತ ಆಳ ಸಿಕ್ಕಿದ್ದು 8, ಬಲಕ್ಕ ಮ್ಯಾಲಿನ ದವಡಿ ಹಲ್ಲಿನ ಹಿಂದ.

26 ಹಲ್ಲಿನ್ಯಾಗ ಒಂದನ್ನ ಮಾತ್ರ ತಗೀಬೇಕಂದ್ರು, ಆ 8ರದ್ದನ್ನ. ನಾಕು ಸಡ್ಲ ಹಲ್ಲನ್ನ ಸಣ್ಣ ತಂತಿ ಹಾಕಿ ಒಂದಕ್ಕೊಂದು ಜೋಡಿಸಿ ಕಟ್ಟತೀವಿ ಅಂದ್ರು. ಉಳಿದದ್ದಕ್ಕ ಬಾಯಿಯನ್ನ ನಾಕು ಪಾಲು ಮಾಡಿ, ಮರಗಟ್ಟಿಸಿ, ಬೇರಿನ ತನಕ ಕೆರೂದು. ಇವತ್ತ ಒಂದ ಪಾಲು ಆತು. ಆಕಿ ಕೆರದದ್ದನ್ನ ಬಟ್ಟಿ ಮ್ಯಾಲ ತೋರಿಸಿದಳು. ಕರಿ ಎಳ್ಳಿನ ಗಾತ್ರದ್ದು, ಬಣ್ಣಾನೂ ಹಂಗ. ಕಲ್ಲಿನಂಗ ಗಟ್ಟಿ. ಅವ್ವ ಅದನ್ನ ಬೆರಳಾಗ ಹಿಡದು ನೋಡೇ ನೋಡಿದಳು. "ಇದು ನನ್ನ ಬಾಯಾಗಿತ್ತಾ?"

ಒಂದ ಪ್ರಶ್ನಿ: ಆಂಟಿಬಯೋಟಿಕ್ ಏನೂ ಕೊಟ್ಟಿಲ್ಲ. ಮರತ್ರೇನು?

ಪೆರಿಯೋ ಮಾಮಾ · ರಾತ್ರಿ 10:40

ಮರತಿಲ್ಲ. ಪಾಚಿ ಅನ್ನೂದು ಅಂಟಿನೊಳಗ ಕುಂತ ಊರು. ಗುಳಿಗಿ ಆ ಕ್ವಾಟಿ ಒಳಗ ಹೊಗೂದು ಕಷ್ಟ, ಮೊದಲ ಗ್ವಾಡಿ ಒಡೀಬೇಕು, ಅಂದ್ರ ಕೆರೀಬೇಕು. ಅಮಾಕ್ಸಿಸಿಲಿನ್ ಜೋಡಿ ಮೆಟ್ರೊನಿಡಜೋಲ್ ಕೊಡೂ ಪದ್ಧತಿ ಐತಿ, ಆದ್ರ ಅದು ರೋಗ ಜೋರಿದ್ದ ಕೆಲವರಿಗೆ, ಅದೂ ಕೆರೂದರ ಜೋಡಿ. ಎಲ್ಲಾರಿಗೂ ಕೊಟ್ರ ನಾಳೆ ಬೇಕಾದಾಗ ಗುಳಿಗಿ ಕೆಲಸ ಮಾಡೂದಿಲ್ಲ. ಮೆಡಿಕಲ್ ಶಾಪಿನ್ಯಾಗ ಹಲ್ಲುಬ್ಯಾನಿ ಅಂತ ಹೇಳಿ ಎರಡ ದಿನದ ಗುಳಿಗಿ ನುಂಗೂ ರೂಢಿ ನಮ್ಮ ಕಡೆ ಭಾಳ ಐತಿ, ಅದರಿಂದ ನೋವು ಮುಚ್ಚತೈತಿ, ರೋಗ ಅಲ್ಲೇ ಇರತೈತಿ.

ಬಾಯಿ ಮುಕ್ಕಳಿಸೂ ಕ್ಲೋರ್‌ಹೆಕ್ಸಿಡಿನ್ ಕೊಟ್ಟಿದ್ರ ಹೇಳಿದಷ್ಟ ದಿನ ಬಳಸ್ರಿ. ಹೆಚ್ಚಿಗಿ ದಿನ ಬಳಸಿದ್ರ ಹಲ್ಲು ಕಂದು ಆಗತಾವ, ರುಚಿ ಕೆಡತೈತಿ.

ಉಣಕಲ್ ವಾಕರ್ · ರಾತ್ರಿ 10:55

ನನಗ ವಾಟ್ಸಾಪಿನ್ಯಾಗ ಬಂದೈತಿ, ಈ ಒಸಡಿನ ಹುಳ ಮೆದುಳಿಗೆ ಹೋಗಿ ಅರಳುಮರಳು ಬರಸತೈತಂತ. ಖರೇನು?

ಪೆಟ್ರಿ ಡಿಶ್ ಅಕ್ಕ · ರಾತ್ರಿ 11:10

ಅರ್ಧ. ಆಲ್ಜೈಮರ್ ಆಗಿ ತೀರಿಕೊಂಡವರ ಮೆದುಳಾಗ ಆ ಬ್ಯಾಕ್ಟೀರಿಯಾದ ಕಿಣ್ವ ಸಿಕ್ಕೈತಿ ಅಂತ 2019ರಾಗ ಒಂದು ಪ್ರಬಂಧ ಬಂತು. ಆ ಕಿಣ್ವ ತಡೆಯೂ ಔಷಧ ಮಾಡಿ ರೋಗಿಗಳಿಗೆ ಕೊಟ್ಟು ನೋಡಿದ್ರು, 2021ರಾಗ ಫಲಿತಾಂಶ ಬಂತು, ಮುಖ್ಯ ಗುರಿ ಮುಟ್ಟಲಿಲ್ಲ. ಜೋಡಿ ಕಂಡದ್ದೆಲ್ಲಾ ಕಾರಣ ಅಲ್ಲ. ಬಸರಿ ಹೆಂಗಸರಿಗೆ ಒಸಡಿನ ಚಿಕಿತ್ಸೆ ಕೊಟ್ರ ದಿನಾ ತುಂಬದ ಹೆರಿಗಿ ತಪ್ಪತೈತಿ ಅನ್ನೂ ಆಸೆನೂ ಹಿಂಗ ಆತು. 2006ರ ದೊಡ್ಡ ಪ್ರಯೋಗದಾಗ ಹೆರಿಗಿ ಲೆಕ್ಕ ಬದಲಾಗಲಿಲ್ಲ. ಆದ್ರ ಬಸರಿದ್ದಾಗ ಈ ಚಿಕಿತ್ಸೆ ಮಾಡಿದ್ರ ಅಪಾಯ ಇಲ್ಲ ಅಂತ ತಿಳೀತು, ಅದೂ ಸಣ್ಣ ಮಾತಲ್ಲ.

ಬೆಟಗೇರಿ ಮಗ್ಗ · ಮೂರು ತಿಂಗಳ ಮ್ಯಾಲ, ರವಿವಾರ, ಮಧ್ಯಾಹ್ನ 12:20

ಥ್ರೆಡ್ ಮ್ಯಾಲ ತರಾಕತ್ತೀನಿ.

ತಿರಗಿ ಅಳತಿ ಆತು. ಆರು-ಐದು ಇದ್ದವು ಬಹಳಷ್ಟು ಮೂರು-ನಾಕಕ್ಕ ಬಂದಾವ. ಎರಡ ಕಡೆ ಇನ್ನೂ 6 ಐತಿ, ಅಲ್ಲಿ ಒಸಡು ಬಿಡಿಸಿ ಆಪರೇಷನ್ ಮಾಡೂಣು ಅಂದಾರ. ಅವ್ವ "ಸಕ್ರಿ ಇನ್ನೂ ಇಳೀಲಿ" ಅಂತ ಮುಂದ ಹಾಕ್ಯಾಳ, ಡಾಕ್ಟರೂ ಒಪ್ಯಾರ. ಸರಾಸರಿ 8.9ರಿಂದ 8.2. ನಡುವ ಸಕ್ಕರಿ ಡಾಕ್ಟರೂ ಗುಳಿಗಿ ಬದಲಿ ಮಾಡ್ಯಾರ, ಹಂಗಾಗಿ ಎಷ್ಟು ಒಸಡಿಂದು, ಎಷ್ಟು ಗುಳಿಗಿದು ಅಂತ ಹೇಳಾಕ ಬರೂದಿಲ್ಲ. ಲೈನ್ ಬಜಾರ್ ಅಣ್ಣಾರು ಹೇಳಿದಂಗ ಸಂದಿ ಕಂಡಾವ, ಜುಮ್ ಅಂದ್ವು, ಈಗ ಕಡಿಮಿ. ಮೊದಲ ಗೊತ್ತಿದ್ದದ್ದಕ್ಕ ಹೆದರಲಿಲ್ಲ. ಸಂದ್ಯಾಗ ಹಾಕೂ ಸಣ್ಣ ಬ್ರಶ್ ಕೊಟ್ಟಾರ, ಬಾಟ್ಲಿ ತೊಳಿಯೂ ಬ್ರಶ್ಶಿನ ಮರಿ ಇದ್ದಂಗ ಐತಿ. ಅವ್ವ ರಾತ್ರಿ ಸೀರಿಯಲ್ ನೋಡಕೋತ ಒಂದೊಂದ ಸಂದಿ ಮಾಡತಾಳ.

ಲೈನ್ ಬಜಾರ್ · ಮಧ್ಯಾಹ್ನ 1:00

ಚೊಲೊ ಆತು. ಇನ್ನ ಮುಗೀತಲ್ಲ?

ಪೆರಿಯೋ ಮಾಮಾ · ಮಧ್ಯಾಹ್ನ 2:25

ಮುಗಿಯೂದಿಲ್ಲ ಅನ್ನೂದ ಇದರ ಕಷ್ಟ. ಸ್ವೀಡನ್ನಿನ ಕಾರ್ಲ್‌ಸ್ಟಾಡ್ ಊರಾಗ 1970ರ ದಶಕದ ಶುರುವಿನಿಂದ ಮೂವತ್ತು ವರ್ಷ ಮಂದಿಯನ್ನ ನೇಮದಿಂದ ಕರದು ಹಲ್ಲು ಸ್ವಚ್ಛ ಮಾಡಿ, ಮನಿಯಾಗ ಹೆಂಗ ಮಾಡಬೇಕಂತ ಕಲಿಸಿ ಕಳಸಿದ್ರು. ಕಡೀತನಕ ಉಳಿದ 375 ಮಂದಿಯೊಳಗ, ಹೆಚ್ಚು ವಯಸ್ಸಾದ ಗುಂಪಿನ್ಯಾಗೂ ಮೂವತ್ತು ವರ್ಷದಾಗ ಕಳಕೊಂಡ ಹಲ್ಲು ಸರಾಸರಿ ಎರಡಕ್ಕಿಂತ ಕಡಿಮಿ. ಲೇಸರ್ ಇಲ್ಲ, ಏನಿಲ್ಲ. ಅವ್ವಾರನ್ನ ಮೂರು ಮೂರು ತಿಂಗಳಿಗೆ ಕರಕೊಂಡ ಹೋಗ್ರಿ.

ಅಪ್ಪಾರದು ಏನಾತು?

ಬೆಟಗೇರಿ ಮಗ್ಗ · ಮಧ್ಯಾಹ್ನ 3:10

ಅದನ್ನ ಹೇಳಾಕ ಬಂದಿದ್ದೆ, ನಾಚಿಕಿ ಆಗಿ ಬಿಟ್ಟಿದ್ದೆ.

ಅವ್ವನ ಜೋಡಿ ಒಂದ ಸಲ ಬಂದಿದ್ದ, "ನನ್ನವೂ ನೋಡ್ರಿ, ಹುಡುಗೂರಿಗೆ ತೋರಸ್ರಿ ಹಲ್ಲು ಅಂದ್ರ ಹೆಂಗಿರಬೇಕಂತ" ಅಂತ ಮೀಸಿ ತಿರುವಿ ಕುಂತ. ಕಡ್ಡಿ ಇಳಿಸಿದ್ರ ಹಿಂದಿನ ಹಲ್ಲಿಗೆಲ್ಲಾ 5, 6, ಒಂದ ಕಡೆ 7. ಒಂದ ಹನಿ ರಕ್ತ ಇಲ್ಲ. ಇದ್ದಲಿ ತಿಕ್ಕಿ ತಿಕ್ಕಿ ಹಲ್ಲಿನ ಬುಡಕ್ಕ ಗಾಡಿ ಹಗ್ಗ ತಿಂದಂಗ ಕಚ್ಚು ಬಿದ್ದಾವ. ಎಕ್ಸ್‌ರೇದಾಗ ಎಲುಬು ಅವ್ವನಕಿಂತ ಭಾಳ ಚೊಲೊ ಏನಿಲ್ಲ. ಮನಿಗೆ ಬರೂತನಕ ಮಾತಾಡಲಿಲ್ಲ.

ಮರುದಿನದಿಂದ ಬೀಡಿ ಬಿಟ್ಟಾನ, ಖರೇನ ಬಿಟ್ಟಾನ. ಆದ್ರ ಈಗ ಬ್ಯಾರೆ ರಾದ್ಧಾಂತ. ಎರಡ ತಿಂಗಳಿಂದ ತಿಕ್ಕಿದ್ರ ರಕ್ತ ಬರಾಕತ್ತೈತಿ. "ನಲವತ್ತು ವರ್ಷ ಸೇದಿದೆ, ಒಂದ ಹನಿ ಬರಲಿಲ್ಲ. ಬಿಟ್ಟೆ, ಬಂತು. ನಿಮ್ಮ ಡಾಕ್ಟರ್ ಮಾತು ಕೇಳಿ ರೋಗಾ ತಂದುಕೊಂಡೆ" ಅಂತ ದಿನಾ ಬೈತಾನ. ತಿರಗಿ ಸೇದಾಕ ಇದ ನೆವಾ ಮಾಡತಾನ ಅಂತ ಹೆದರಿಕಿ.

ಪೆರಿಯೋ ಮಾಮಾ · ಮಧ್ಯಾಹ್ನ 3:41

ಸೇದಾಕ ಬಿಡಬ್ಯಾಡ್ರಿ. ಬೀಡಿ ಒಸಡಿನ ಸಣ್ಣ ರಕ್ತನಾಳಗಳ ಬಾಯಿ ಕಟ್ಟಿ ಇಟ್ಟಿತ್ತು. ಬಾವು ಇದ್ರೂ ರಕ್ತ ಬಂದು ಹೇಳಾಕ ಆಗತಿರಲಿಲ್ಲ. ಬಿಟ್ಟ ಕೆಲವು ವಾರದಾಗ ರಕ್ತ ಹರಿಯೂದು ತಿರಗಿ ಶುರು ಆಗತೈತಿ, ಹಂಗಾಗಿ ಈಗ ಕಾಣತೈತಿ. ಇದನ್ನ ಅಳದು ನೋಡಿದ ಅಧ್ಯಯನಗಳೂ ಅದಾವ. ಅಪ್ಪಾರಿಗೆ ಹೇಳ್ರಿ, ಅದು ಹೊಸಾ ರೋಗ ಅಲ್ಲ, ನಲವತ್ತು ವರ್ಷದ ಹಳೇ ಬಾಕಿ. ಅವರದೂ ನಾಕು ಪಾಲು ಕೆರಸ್ರಿ, ಈ ತಿಂಗಳ. ಬೀಡಿ ಬಿಟ್ಟವರಿಗೆ ಚಿಕಿತ್ಸೆ ಭಾಳ ಚೊಲೊ ಹತ್ತತೈತಿ.

ಬೆಟಗೇರಿ ಮಗ್ಗ · ಸಂಜಿ 5:30

ಓದಿ ಹೇಳಿದೆ. "ಬಾಕಿ ಅಂದ್ರ ಬಡ್ಡಿ ಎಷ್ಟಂತ ಕೇಳು" ಅಂದ. ಅವ್ವ ಒಳಗಿಂದ, "ನನ್ನ ಸಂದಿ ಬ್ರಶ್ ಒಂದ ಕೊಡತೀನಿ, ಅಸಲಿಂದ ಶುರು ಮಾಡು" ಅಂದಳು. ಗುರುವಾರ ಇಬ್ಬರನ್ನೂ ಕರಕೊಂಡ ಹೊಂಟೀನಿ.

ಸವಣೂರ ಎಲಿ · ಸಂಜಿ 5:44

ಗುರುವಾರ ಪಾಳೆ ಎಷ್ಟೊತ್ತಿಗೆ ಹಚ್ಚಬೇಕ್ರಿ? ನಾನೂ ಬರತೀನಿ. ಯಾರಿಗೂ ಹೇಳಬ್ಯಾಡ್ರಿ.